ನಿನ್ನ ಕಣ್ಣಿನ ಅಳತೆ

ಅಣ್ಣಾ,

ನೀನು ಕಳಿಸಿದ ಆಹ್ವಾನ ಪತ್ರಿಕೆ ತಲುಪಿತು. ಮೂವತ್ತು ವರ್ಷದ ಹಿಂದೆ ನಿನ್ನ ವರ್ಕ್‌ಶಾಪಿನಲ್ಲಿ ಮಾಡಿದ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಈಗ ಮ್ಯೂಸಿಯಂ ಸೇರುತ್ತಿದೆ, ಸಂತೋಷ. ಆದರೆ ಅದರ ಫಲಕಕ್ಕೆ ನೀನು ಬರೆದುಕೊಟ್ಟ ಸಾಲು ಓದಿ ಮೈಯೆಲ್ಲ ಉರಿದುಹೋಯಿತು. 'ಕಾಲಕ್ಕಿಂತ ಮುಂದಿತ್ತು, ಜನ ಇನ್ನೂ ಸಿದ್ಧರಿರಲಿಲ್ಲ.' ಯಾವ ಜನ? ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತು ದುಡ್ಡು ಕೊಟ್ಟು ಕೊಂಡವರೇ?

ನಾವಿಬ್ಬರೂ ಕನ್ನಡಕದ ಅಂಗಡಿಯಲ್ಲೇ ಬೆಳೆದವರು. ಯಾರೇ ಬಂದು ಕುರ್ಚಿಯಲ್ಲಿ ಕೂತರೂ ಅಪ್ಪ ಮೊದಲು ಚಿಕ್ಕ ಅಳತೆಪಟ್ಟಿಯನ್ನು ಮೂಗಿನ ಮೇಲಿಟ್ಟು ಎರಡು ಕಣ್ಣುಗಳ ನಡುವಿನ ಅಂತರ ನೋಡುತ್ತಿದ್ದರು. "ಮೊದ್ಲು ಕಣ್ಣು ಅಳೆ, ಆಮೇಲೆ ಗಾಜು ಮುಟ್ಟು" ಅಂತ ನಿನಗೂ ಹೇಳಿಕೊಟ್ಟಿದ್ದರು, ನನಗೂ. ಆದರೆ ಹೆಡ್‌ಸೆಟ್ ಮಾಡುವಾಗ ನೀನು ಅಳೆದದ್ದು ಒಬ್ಬರದೇ ಕಣ್ಣು, ನಿನ್ನದು. ಅರವತ್ತಾರು ಮಿಲಿಮೀಟರ್. ಮಸೂರಗಳನ್ನು ಅದೇ ದೂರಕ್ಕೆ ಅಂಟಿಸಿಬಿಟ್ಟೆ.

ನನ್ನದು ಐವತ್ತೇಳು, ಅಪ್ಪ ಅಳೆದದ್ದು. ಪರೀಕ್ಷೆಗೆಂದು ಮೂರು ತಿಂಗಳು ಆ ಭಾರವನ್ನು ತಲೆಗೆ ಕಟ್ಟಿಕೊಂಡು ಕೂತವಳು ನಾನು. ಹತ್ತು ನಿಮಿಷಕ್ಕೆಲ್ಲ ಪರದೆಯಲ್ಲಿ ಕಾಣುವ ಗೋಡೆಗಳು ಎರಡೆರಡಾಗುತ್ತಿದ್ದವು. ಸಿಂಕಿಗೆ ಓಡಿ ವಾಂತಿ ಮಾಡುತ್ತಿದ್ದೆ. ಮಸೂರ ಅತ್ತಿತ್ತ ಸರಿಸಲು ಒಂದು ತಿರುಪು ಹಾಕು ಅಂತ ಕೈಮುಗಿದು ಕೇಳಿದೆ. "ನಿಂಗೆ ಬಸ್ಸಲ್ಲೇ ತಲೆ ತಿರುಗುತ್ತೆ, ಇದ್ರಲ್ಲಿ ತಿರುಗದೆ ಇರುತ್ತಾ?" ಅಂತ ನೀನು ಎಲ್ಲರೆದುರು ನಕ್ಕೆ. ವರದಿಯಲ್ಲಿ 'ಸೂಕ್ಷ್ಮ ಪ್ರಕೃತಿ, ಪರೀಕ್ಷೆಗೆ ಅನರ್ಹಳು' ಎಂದು ಬರೆದು ಮನೆಗೆ ಕಳಿಸಿದೆ. ನಾನೂ ಪೆದ್ದಿ, ಬಾಯಿ ಮುಚ್ಚಿಕೊಂಡು ಹೋದೆ.

ಮಾರಿದ ಪೆಟ್ಟಿಗೆಗಳು ವರ್ಷ ತುಂಬುವುದರೊಳಗೆ ವಾಪಸ್ ಬಂದವು. ತಲೆನೋವು, ವಾಂತಿ ಅಂತ ದೂರು ಬರೆದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ನನ್ನ ಹಾಗೆ ಕಣ್ಣುಗಳ ನಡುವಿನ ಅಂತರ ಕಡಿಮೆ ಇದ್ದವರು. ಓದಿಲ್ಲ ಅನ್ನಬೇಡ. ಆ ಒಂದೊಂದು ಕಾಗದದ ಮೇಲೂ ನಿನ್ನ ಕೈಬರಹದಲ್ಲಿ 'ಅಭ್ಯಾಸವಿಲ್ಲದವರು' ಅಂತಿತ್ತು, ನಾನೇ ನೋಡಿದ್ದೇನೆ.

ಈಗ ಉದ್ಘಾಟನೆಯ ದಿನ ಫೋಟೋಗೆ ನಾನೇ ಮೊದಲು ಅದನ್ನು ಹಾಕಿಕೊಳ್ಳಬೇಕಂತೆ. ಎಷ್ಟು ಧೈರ್ಯ ನಿನಗೆ. ಬರುತ್ತೇನೆ ಅಣ್ಣಾ, ಅಪ್ಪನ ಅಳತೆಪಟ್ಟಿ ಹಿಡಿದುಕೊಂಡೇ ಬರುತ್ತೇನೆ. ಮೊದಲು ನಿನ್ನ ಮೂಗಿನ ಮೇಲೆ ನಾನಿಡುತ್ತೇನೆ, ಆಮೇಲೆ ನನ್ನ ಮೂಗಿನ ಮೇಲೆ ನೀನಿಡು. ಎರಡೂ ಅಂಕಿಗಳನ್ನು ಮೈಕಿನಲ್ಲಿ ಓದಿ, ಆ ಫಲಕ ಕೀಳಿಸು. ನೀನು ಓದದಿದ್ದರೆ ನಾನು ಓದುತ್ತೇನೆ.

ಅಂಗಡಿಗೆ ಬಂದ ಅಪರಿಚಿತರ ಕಣ್ಣನ್ನೂ ಅಪ್ಪ ಅಳೆಯುತ್ತಿದ್ದರು. ನೀನು ಇವತ್ತಿನವರೆಗೂ ನನ್ನ ಕಣ್ಣು ಅಳೆದಿಲ್ಲ.

ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ.

ಪರೀಕ್ಷೆಗೆ ಅನರ್ಹಳಾದ
ನಿನ್ನ ತಂಗಿ