ಅಕ್ಕನ ಕಡಲ ಚರಗ

ಅಕ್ಕಾ,

ನೀನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅಕ್ಷರ ದುಂಡಗಿದ್ದರೆ ಮಾತ್ರ ಓದಬಲ್ಲೆ ಎನ್ನುತ್ತಿದ್ದೆ. ಆದ್ದರಿಂದ ಅವಸರಪಡದೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಹಾನಗಲ್ಲಿನ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದವಳು ನಾನು. ನನ್ನದನ್ನು ತಿದ್ದಿಕೊಳ್ಳುವ ಹೊತ್ತಿಗೆ ನೀನು…

ಹತ್ತಿಮತ್ತೂರಿನ ನಿನ್ನ ಮನೆಯ ಕಟ್ಟೆಯ ಮೇಲೆ ಕುಳಿತು ನೀನು ಅವರೆಕಾಯಿ ಸುಲಿಯುತ್ತಿದ್ದೆ. ತಲೆಯೆತ್ತದೆಯೇ ಹೇಳಿದೆ: "ಪಾರಿ, ಒಮ್ಮಿ ಸಮದ್ರ ನೋಡಬೇಕವಾ."

"ಸಮುದ್ರ," ಎಂದು ನಾನು ತಿದ್ದಿದೆ.

"ಹೂಂ, ಅದನ್ನ. ನೀ ಹೆಸರ ಬರೋಬ್ಬರಿ ಹೇಳ್ತಿ, ನಾ ತಪ್ಪ ಹೇಳ್ತೇನಿ. ನೋಡಿದ್ದು ನೀನೂ ಇಲ್ಲ, ನಾನೂ ಇಲ್ಲ. ಇಬ್ಬರೂ ಒಂದ!"

ಇಷ್ಟು ವರ್ಷ ನಕಾಶೆಯ ನೀಲಿಯ ಮೇಲೆ ಬೆತ್ತವಿಟ್ಟು ಪಾಠ ಹೇಳಿದವಳಿಗೆ ಆ ಮಾತು ಚುಚ್ಚಿತು. ಈ ವಯಸ್ಸಿನಲ್ಲಿ ಅದೇಕೆ ಎಂದು ನಾನು ಕೇಳಿದೆ. "ಮಳಿ ಅಲ್ಲಿಂದ ಬರ್ತದಂತ ನೀನ ಹೇಳೀಯಲ್ಲ? ಇಷ್ಟ ವರ್ಷ ಅದು ನಮ್ಮ ಹೊಲಕ್ಕ ಬಂತು. ಒಮ್ಮಿ ನಾವೂ ಅದರ ತವರಿಗೆ ಹೋಗಿ ಬರೂಣು," ಎಂದೆ ನೀನು. ನಾನು ಮುಂಗಡ ಆಸನ, ವಸತಿಗೃಹ ಎಂದೆಲ್ಲ ಲೆಕ್ಕ ಹಾಕತೊಡಗಿದಾಗ ನೀನು ನಕ್ಕುಬಿಟ್ಟೆ. "ರೊಟ್ಟಿ ಕಟಗೊಂಡು ಜನರಲ್ ಡಬ್ಬಿ ಹತ್ತೂದು. ಒಂದ ತಾಸ ನೀರಾಗ ನಿಂದ್ರೂದು. ತಿರುಗಿ ಗಾಡಿ ಹತ್ತೂದು. ಸಮದ್ರ ನೋಡಾಕ ಏನ ಚೀಟಿ ತಗಸ್ತಾರನು?"

ಎಳ್ಳಮಾವಾಸ್ಯೆ ಕಳೆದ ನಾಲ್ಕನೆಯ ದಿನ, ನಸುಕಿನಲ್ಲಿ ಸವಣೂರಿನಲ್ಲಿ ರೈಲು ಹತ್ತಿದೆವು. ಹುಬ್ಬಳ್ಳಿಯಲ್ಲಿ ಇಳಿದು ವಾಸ್ಕೋ ಗಾಡಿ ಹಿಡಿದೆವು. ನಿನ್ನ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದನ್ನು ಧಾರವಾಡ ದಾಟುವ ಮೊದಲೇ ಬಿಚ್ಚಿ, ಡಬ್ಬಿಯಲ್ಲಿದ್ದವರಿಗೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಹಂಚತೊಡಗಿದೆ. "ತಗೋರಿ, ನಾಚಬ್ಯಾಡ್ರಿ, ಎಳ್ಳ ಹಚ್ಚಿದ್ದು ಐತಿ." ಅಪರಿಚಿತರಿಗೆ ಹೀಗೆ ಒತ್ತಾಯ ಮಾಡಬಾರದು ಎಂದು ನಾನು ಮೆಲ್ಲಗೆ ಎಚ್ಚರಿಸಿದರೆ, "ರೊಟ್ಟಿ ಮುರದ ಮ್ಯಾಲ ಎಲ್ಲಿ ಅಪರಿಚಿತರವಾ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಡಬ್ಬಿಗೆ ಡಬ್ಬಿಯೇ ನಕ್ಕಿತು. ಘಟ್ಟದಲ್ಲಿ ಜಲಪಾತ ಕಂಡಾಗ ನನ್ನ ರಟ್ಟೆ ಹಿಡಿದೆಳೆದು, "ನೋಡ ನೋಡ, ಯಾರೋ ಹಾಲ ಒಲಿ ಮ್ಯಾಲಿಟ್ಟು ಮರತಾರ!" ಎಂದೆ. ಅಷ್ಟು ಚೆಂದದ ಮಾತನ್ನು ನಾನು ಯಾವ ತರಗತಿಯಲ್ಲಾದರೂ ಆಡಿದ್ದೆನೆ?

ದಂಡೆಯ ಮರಳು ಕಾಲಿಗೆ ತಗುಲಿದ ಕೂಡಲೇ ನೀನು ಚಪ್ಪಲಿ ಬಿಟ್ಟೆ, ದೇವರ ಮನೆಯ ಹೊಸ್ತಿಲಲ್ಲಿ ಬಿಡುವಂತೆ. ಎಡಕ್ಕೂ ಬಲಕ್ಕೂ ಕತ್ತು ಹೊರಳಿಸಿ ನೋಡಿದೆ. ಆಮೇಲೆ, "ಪಾರಿ, ಇದಕ್ಕ ಬದುವ ಇಲ್ಲಲ್ಲ!" ಎಂದೆ. ಹೊಲದ ಎಲ್ಲೆಗಾಗಿ ದಾಯಾದಿಗಳೊಡನೆ ಜೀವಮಾನವೆಲ್ಲ ಬಡಿದಾಡಿದವಳ ಬಾಯಲ್ಲಿ ಇನ್ನಾವ ಮಾತು ಬಂದೀತು?

ಸೀರೆಯನ್ನು ಮೇಲೆ ಸಿಕ್ಕಿಸಿ ನೀನು ಎರಡನೆಯ ಗಂಟು ಬಿಚ್ಚಿದಾಗಲೇ ನನಗೆ ತಿಳಿದದ್ದು, ನೀನು ಚರಗ ತಂದಿದ್ದೆ. ಎಳ್ಳಮಾವಾಸ್ಯೆಯ ದಿನ ಭೂತಾಯಿಗೆಂದು ಹೊಲದಲ್ಲಿ ಚೆಲ್ಲುವ ಅಡಿಗೆಯಲ್ಲಿ ಒಂದು ಪಾಲನ್ನು ಸಮುದ್ರಕ್ಕೆಂದು ಎತ್ತಿಟ್ಟಿದ್ದೆ. "ಭೂಮಿ ಉಂಡಳು, ಮಳಿ ತಾಯಿ ಉಪವಾಸ ಇರಬೇಕನು?" ಎಂದು ಹೇಳಿ, ನೀರು ತುಂಬಿದ ತಂಬಿಗೆಯನ್ನು ನನ್ನ ಕೈಗಿತ್ತೆ. ಕ್ರಮ ನಮ್ಮಿಬ್ಬರಿಗೂ ಗೊತ್ತಿತ್ತು. ಮುಂದಿನವರು ಚೆಲ್ಲುತ್ತ "ಹುಲ್ಲುಲಿಗ್ಯೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಳ್ಳಂಬ್ರಿಗ್ಯೋ" ಎಂದು ಓಗೊಡಬೇಕು. ಓಗೊಡುವವರೆಗೆ ಮುಂದಿನವರು ಹೆಜ್ಜೆ ಕಿತ್ತಿಡುವಂತಿಲ್ಲ. ಗಂಡಸರದೆನ್ನುವ ಆ ಕೆಲಸವನ್ನು, ನಿನ್ನ ಗಂಡ ತೀರಿಕೊಂಡ ವರ್ಷದಿಂದ ಊರವರು ಗೊಣಗಿದರೂ ಕೇಳದೆ ನೀನೇ ಮಾಡುತ್ತ ಬಂದಿದ್ದೆ. ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುವಂಥ ಧ್ವನಿ ನಿನ್ನದು.

ಅದೇ ಧ್ವನಿಯಲ್ಲಿ ನೀನು ಅಲ್ಲಿ ಕೂಗಿದೆ. ಇಡೀ ದಂಡೆ ತಿರುಗಿ ನೋಡಿತು. ಛತ್ರಿಯ ಕೆಳಗೆ ಕುಳಿತ ಹುಡುಗಿಯರು ಕಿಸಕ್ಕನೆ ನಕ್ಕರು. ಯಾರೋ ನಿನ್ನ ಕೂಗನ್ನೇ ಅಣಕಿಸಿದರು. ನಾನು… ನಾನು ತಂಬಿಗೆ ಹಿಡಿದುಕೊಂಡೇ ಏಳೆಂಟು ಹೆಜ್ಜೆ ಪಕ್ಕಕ್ಕೆ ಸರಿದೆ. ಆಗಲೇ ಬೆನ್ನ ಹಿಂದಿನಿಂದ, "ನಮಸ್ಕಾರ ಟೀಚರ್!" ಎಂಬ ದನಿ ಕೇಳಿತು. ನನ್ನ ಹಳೆಯ ವಿದ್ಯಾರ್ಥಿ, ಈಗ ಬ್ಯಾಂಕಿನ ಅಧಿಕಾರಿ. ಹೆಂಡತಿಯೊಡನೆ ಬಂದಿದ್ದ. ಕೈಯಲ್ಲಿ ಮೊಬೈಲು ಹಿಡಿದಿದ್ದ. "ನೀವಿಲ್ಲಿ! ಆ ಅಜ್ಜಿ ಯಾರ್ರಿ ಟೀಚರ್? ನಮ್ಮ ಕಡೆಯವ್ರ ಇದ್ದಂಗ ಐತಿ."

ನಾನು ತರಗತಿಯಲ್ಲಿ ಮಾತಾಡುವಷ್ಟೇ ಸ್ಪಷ್ಟವಾಗಿ ಹೇಳಿದೆ: "ಪರಿಚಯವಿಲ್ಲಪ್ಪ. ರೈಲಿನಲ್ಲಿ ಜೊತೆಯಾದವರು."

ನಾನು ಓಗೊಡಲೆಂದು ನೀನು ಕತ್ತು ತಿರುಗಿಸಿ ನಿಂತಿದ್ದೆ. ಆ ಮಾತು ನಿನ್ನ ಕಿವಿಗೆ ಬಿತ್ತು. ಬಿದ್ದದ್ದನ್ನು ನಾನು ಕಂಡೆ. ಅರೆಗಳಿಗೆಯೂ ತಡೆಯದೆ ನೀರಿನಿಂದ ಈಚೆ ಬಂದು, ಅವನಿಗೆ, "ಹೌದಪಾ, ದಾರ್ಯಾಗ ಜತಿ ಆದ್ರು. ಭಾಳ ಶಾಣ್ಯಾ ಮಂದಿ. ನನ್ನ ತಂಬಿಗಿ ಹಿಡಕೊಂಡ ನಿಂತಾರ, ಪಾಪ," ಎಂದೆ. ನನ್ನತ್ತ ಕೈಚಾಚಿ, "ಕೊಡ್ರಿ ಟೀಚರ್, ನಿಮಗ್ಯಾಕ ತ್ರಾಸು," ಎಂದೆ. ಅಕ್ಕಾ, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು. ನನ್ನ ಸುಳ್ಳಿಗೆ ಅಷ್ಟು ಬೇಗ ಆಸರೆಯಾಗುವುದು ನಿನಗೆ ಹೇಗೆ ಸಾಧ್ಯವಾಯಿತು?

ಶಿಕ್ಷಕಿಯರ ತರಬೇತಿಗೆಂದು ನಾನು ಹಾಸ್ಟೆಲ್ಲಿನಲ್ಲಿದ್ದ ಎರಡು ವರ್ಷ ಮೊನ್ನೆ ತಟ್ಟನೆ ನೆನಪಾಯಿತು. ಶನಿವಾರಕ್ಕೊಮ್ಮೆ ರೊಟ್ಟಿ-ಹಿಂಡಿಯ ಬುತ್ತಿ ತಂದು ಗೇಟಿನಲ್ಲಿಯೇ ಕೊಟ್ಟು, "ಊರಾಕಿ ಕೊಟ್ಟಾಳಂತ ಹೇಳ್ರಿ" ಎಂದು ಕಾವಲುಗಾರನಿಗೆ ತಿಳಿಸಿ ಹೊರಟುಹೋಗುತ್ತಿದ್ದೆಯಂತೆ. ನಿನ್ನ ಸೀರೆಗೆ ತೇಪೆಯಿತ್ತು. ಒಳಗೆ ಬಾ ಎಂದು ನಾನು ಒಮ್ಮೆಯಾದರೂ ಓಡಿ ಬಂದು ಕರೆದೆನೆ? ಹಾಗಾದರೆ ಅಂದು ದಂಡೆಯಲ್ಲಿ ನೀನು ಹೊಸದಾಗಿ ಕಲಿತದ್ದೇನೂ ಇರಲಿಲ್ಲ…

ಅರ್ಧ ಚರಗವನ್ನು ಮತ್ತೆ ಗಂಟು ಕಟ್ಟಿಕೊಂಡು ನೀನು ಸಂಜೆಯ ಗಾಡಿ ಹತ್ತಿದೆ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ. ನಿದ್ರೆ ಬಂದಿರಲಿಲ್ಲವೆಂದು ನನಗೆ ಗೊತ್ತು. ಹುಬ್ಬಳ್ಳಿಯವರೆಗೆ ನಾನು ಕ್ಷಮೆ ಕೇಳುವ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಲೇ ಇದ್ದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸರಿಯಾಗಿದ್ದವು. ಬಾಯಿ ಮಾತ್ರ ತೆರೆಯಲಿಲ್ಲ. ಮುಂದಿನ ವಾರ ಹತ್ತಿಮತ್ತೂರಿಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ನಮ್ಮ ನಿವೃತ್ತರ ಸಂಘದ ಸಭೆಯಿತ್ತು. ಅದರ ಮುಂದಿನ ವಾರ ನನಗೆ ನೆಗಡಿಯಾಗಿತ್ತು. ಮೂರನೆಯ ವಾರ ನಿನ್ನ ಮಗಳು ಗಿರಿಜಾಳ ಫೋನು ಬಂತು. ನೀನು ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತ ಹಾಕುತ್ತ ಗೋಡೆಗೆ ಒರಗಿ ಕುಳಿತೆಯಂತೆ. ಮತ್ತೆ ಏಳಲಿಲ್ಲ.

ನಿನ್ನನ್ನು ನಿನ್ನ ಹೊಲದಲ್ಲಿಯೇ ಮಣ್ಣು ಮಾಡಿದ ದಿನ, ಬಂದವರೆಲ್ಲ ನನ್ನ ಕೈ ಹಿಡಿದುಕೊಂಡರು. "ಹೋಗೂಕಿಂತ ಮೊದಲ ಸಮುದ್ರ ತೋರಿಸಿದಿ. ತಂಗಿ ಅಂದ್ರ ಹಿಂಗ ಇರಬೇಕ ನೋಡ." ನಾನು ತಲೆ ತಗ್ಗಿಸಿ ನಿಂತೆ. ವಿನಯವೆಂದು ಅವರು ತಿಳಿದರು. ಗಿರಿಜಾ ಮಾತ್ರ ಅಳುತ್ತ ಬೇರೊಂದು ಮಾತು ಹೇಳಿದಳು: "ಚಿಗವ್ವ, ಆರಾಧನಿಗೆ ಇಡಾಕ ಅವ್ವಂದು ಒಂದ ಛಲೋ ಫೋಟೋ ಇಲ್ಲ. ಆಧಾರ ಕಾರ್ಡಿನ್ಯಾಗ ಕಳ್ಳಿ ಹಿಡದಂಗ ಹಿಡದಾರ."

ದಂಡೆಯಲ್ಲಿ ಸಿಕ್ಕ ಆ ಹಳೆಯ ವಿದ್ಯಾರ್ಥಿಯ ಕೈಯಲ್ಲಿದ್ದ ಮೊಬೈಲು ಆಗ ನನಗೆ ನೆನಪಾಯಿತು. ನಿನ್ನ ಚಿತ್ರ ಅವನಲ್ಲಿರಬಹುದು. ಆದರೆ ಕೇಳಬೇಕೆಂದರೆ ನೀನು ಯಾರೆಂದು ಹೇಳಬೇಕು. ನಂಬುತ್ತೀಯಾ ಅಕ್ಕಾ, ನೀನು ಮಣ್ಣಿನೊಳಗಿದ್ದರೂ ನಾನು ಮತ್ತೆ ನಾಲ್ಕು ದಿನ ತಡೆದೆ. ಐದನೆಯ ದಿನ ಅವನ ಸಂಖ್ಯೆ ಹುಡುಕಿ ಕರೆ ಮಾಡಿದೆ. ಅಂದು ನಿನ್ನದೇ ಭಾಷೆ ನನ್ನ ಬಾಯಿಗೆ ಬಂತು: "ಆವತ್ತ ಸಮುದ್ರದಾಗ ಚರಗಾ ಚೆಲ್ಲಿದಾಕಿ ನನ್ನ ಅಕ್ಕ ಅಪಾ. ಒಡಹುಟ್ಟಿದಾಕಿ. ನಾ ನಿನಗ ಸುಳ್ಳ ಹೇಳಿದ್ನಿ. ಆಕಿ ಈಗಿಲ್ಲ."

"ಗೊತ್ತಿತ್ರಿ ಟೀಚರ್," ಎಂದ ಅವನು. "ನಿಮ್ಮಿಬ್ಬರ ಮುಖ ಒಂದ ಐತಿ. ಮಾತಾಡಿದ್ರ ನಿಮಗ ಕೆಟ್ಟ ಅನಸ್ತೈತಂತ ಸುಮ್ಮನಿದ್ದೆ." ಯಾರಿಗೆ ಕಾಣಬಾರದೆಂದು ನಿನ್ನನ್ನು ಅಲ್ಲಗಳೆದೆನೋ ಅವನಿಗೆ ಎಲ್ಲವೂ ಕಂಡಿತ್ತು. ಚಿತ್ರವನ್ನು ಆ ಕ್ಷಣವೇ ಕಳಿಸಿದ.

ಗಿರಿಜಾ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿದಳು. ಮೊಣಕಾಲ ಮಟ್ಟದ ನೀರಿನಲ್ಲಿ ನಿಂತಿದ್ದೀಯೆ. ಒಂದು ಕೈ ಮೇಲಕ್ಕೆ ಬೀಸಿದೆ, ಬಾಯಿ ಕೂಗಿಗೆ ತೆರೆದಿದೆ. ಕತ್ತು ಮಾತ್ರ ಹಿಂದಕ್ಕೆ ತಿರುಗಿದೆ. ಹಿಂದೆ ಬರಿಯ ಮರಳು. "ಅವ್ವ ಯಾರನ್ನ ನೋಡಾಕತ್ತಾಳ ಚಿಗವ್ವ?" ಎಂದು ಕೇಳಿದಳು. ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಆವತ್ತ ಅವ್ವ ಉಣಲಿಲ್ಲ. ದಣಿವ ಆಗೇತಿ ಅಂದಕೊಂಡಿದ್ನಿ," ಎಂದಳು. ಬಾಗಿಲವರೆಗೆ ಹೋಗಿ ನಿಂತು, "ನಾಳೆ ಬಂದವ್ರು ಇದನ್ನ ಕೇಳ್ತಾರ. ನಾ ಹೇಳಾಂಗಿಲ್ಲ. ನೀವ ಹೇಳ್ರಿ," ಎಂದಳು. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅದು ನ್ಯಾಯವೇ.

ನಿನಗೆ ತಲುಪದೆ ಉಳಿದ ಸುದ್ದಿ ಇದು: ನಿನ್ನೆ ನಿನ್ನ ಆರಾಧನೆಯಾಯಿತು. ಅಂಗಳ ತುಂಬ ಜನ. ಹಾನಗಲ್ಲಿನಿಂದ ನನ್ನ ಸಹೋದ್ಯೋಗಿಗಳೂ ಬಂದಿದ್ದರು. ಹಿರಿಯರೊಬ್ಬರು ನಿನ್ನ ಚಿತ್ರಕ್ಕೆ ಹೂವೇರಿಸಿ, ಕನ್ನಡಕ ಸರಿಪಡಿಸಿಕೊಂಡು, "ನೀಲವ್ವ ಹಿಂದ ಯಾರನ್ನ ಹುಡಕಾಕತ್ತಾಳಿದು?" ಎಂದರು. ಗಿರಿಜಾ ನೆಲ ನೋಡಿದಳು. ಪಾಠ ಬಾರದ ಹುಡುಗಿಯಂತೆ ನಾನು ಎದ್ದು ನಿಂತೆ.

"ನನ್ನನ್ನ," ಎಂದೆ. "ಆವತ್ತ ದಂಡಿ ಮ್ಯಾಲ ಗುರತ ಇಲ್ಲ ಅಂದಿದ್ನಿ. ನಾನು ಆಕಿ ತಂಗಿ."

ನಿನ್ನ ತಂಗಿ,
ಪಾರಿ