ನಾಲ್ಕಾಣೆಯ ವೈಸ್

ಉಪ್ಪಾರಹಳ್ಳಿ, ತುಮಕೂರು
೨೮-೯-೨೦೦೩, ಭಾನುವಾರ

ಕುಣಿಗಲ್ಲಿನ ಅಣ್ಣ ಕನಕರಾಜುವಿಗೆ ತಂಗಿ ಶಶಿರೇಖಾ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಗೌರಿ ಹಬ್ಬಕ್ಕೆ ನೀನು ಅವ್ವನನ್ನು ಇಲ್ಲಿ ಬಿಟ್ಟುಹೋದ ಮೇಲೆ ಅವಳ ಕೆಮ್ಮು ಕಡಿಮೆಯಾಗಿದೆ, ಎರಡು ಹೊತ್ತು ಮುದ್ದೆ ಉಣ್ಣುತ್ತಾಳೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಈ ವಾರದಲ್ಲೇ ಮೂರು ಸಲ ಬರೆದು ಹರಿದೆ. ಒಂದರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಇನ್ನೊಂದರಲ್ಲಿ ಸಾಲದಾಗಿತ್ತು, ಮೂರನೆಯದರ ಮೇಲೆ ಗ್ರೀಸ್ ಬಿತ್ತು. ಫೋನ್ ಮಾಡಬಹುದಿತ್ತು ನಿಜ. ಆದರೆ ನಿನಗೆ ಬೇಡದ ಮಾತು ಬಂದ ಕೂಡಲೇ ನಿನ್ನ ಮನೆಯ ಲೈನ್ ಕಟ್ಟಾಗಿಬಿಡುತ್ತದೆ. ಕಾಗದವನ್ನಾದರೆ ಪೂರ್ತಿ ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ಹೊಸ ಮನೆಯ ಹಿಂದೆ ಶೆಡ್ ಹಾಕಿಸಿದ್ದೀಯ, ಸಂತೋಷ. ನನ್ನ ಹತ್ತಿರ ಕೆಲಸದ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಐದಾರು ಇವೆಯಂತೆ, ಚೆನ್ನಾಗಿರುವುದೊಂದನ್ನು ಕಳಿಸಬೇಕಂತೆ. ನಿಜ ಹೇಳುತ್ತೇನೆ, ಮೊದಲ ಸಲ ಓದಿದಾಗ ಖುಷಿಯಾಗಿತ್ತು. ಗ್ರೀಸ್ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಅಣ್ಣನಿಗೂ ಕೊನೆಗೆ ಅಪ್ಪನ ಕಸುಬು ನೆನಪಾಯಿತಲ್ಲ ಎಂದು ಆವತ್ತೇ ನಾಲ್ಕಿಂಚಿನದೊಂದನ್ನು ಒರೆಸಿ ಬೇರೆ ಇಟ್ಟೆ. ಈಗ ಅದೇ ಕಾಗದ ತೆಗೆದು ಓದಿದರೆ ಮೈ ಉರಿಯುತ್ತದೆ.

ನನ್ನ ಮನೆಯ ಶೆಡ್ಡಿಗೆ ಅಷ್ಟು ವೈಸ್ ಹೇಗೆ ಬಂದವು ಎಂದು ನೀನು ಯಾವತ್ತೂ ಕೇಳಲಿಲ್ಲ. ಬಂದದ್ದು ನಿನ್ನ ಒಂದು ಮಾತಿನಿಂದ. ಅಪ್ಪನ ತಿಥಿಯ ದಿನ, ಗುಬ್ಬಿಯ ಪಂಪ್ ರಿಪೇರಿ ಅಂಗಡಿಯಲ್ಲಿದ್ದ ಅಪ್ಪನ ವೈಸ್ ಎಲ್ಲಿ ಎಂದು ಕೇಳಿದಾಗ ಏನಂದೆ? "ಬೀಗ ಒಡ್ದು ಯಾರೋ ಎತ್ಕೊಂಡೋಗವ್ರೆ ಕಣೇ. ಕಬ್ಬಿಣ ತಾನೆ, ಬುಡು." ನಾನು ಬಿಡಲಿಲ್ಲ ಅಣ್ಣಾ. ಕದ್ದ ಕಬ್ಬಿಣ ಹೋಗುವುದು ಗುಜರಿಗೆ ತಾನೆ ಎಂದುಕೊಂಡು, ಎರಡು ವರ್ಷ ಶಿರಾ ಗೇಟಿನಿಂದ ಸತ್ಯಮಂಗಲದವರೆಗೆ ಒಂದು ಗುಜರಿ ಅಂಗಡಿಯನ್ನೂ ಬಿಡದೆ ತಿರುಗಿದೆ. ಅಪ್ಪನದು ಸಿಗಲಿಲ್ಲ. ಆದರೆ ಹೋದಲ್ಲೆಲ್ಲ ಯಾವುದೋ ಒಂದು ವೈಸ್ ಮಣ್ಣಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಅದರ ಮುಂದೆಯೂ ಯಾರೋ ಒಬ್ಬ ಇಪ್ಪತ್ತು ವರ್ಷ ನಿಂತು ಅನ್ನ ತಿಂದಿರುತ್ತಾನಲ್ಲ, ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ.

ಹಾಗೆ ಬಂದವು ಅವು. ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಬೇಕು. ಜಾಮ್ ಆದ ಸ್ಕ್ರೂವನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸಡಿಲಿಸಬೇಕು. ಅವಸರ ಮಾಡಿದರೆ ಎರಕದ ಕಬ್ಬಿಣ, ಫಟ್ಟೆಂದು ಸೀಳಿಹೋಗುತ್ತದೆ. ಒಂದನ್ನು ಹಾಗೆ ಹಾಳು ಮಾಡಿ ಅತ್ತೂ ಇದ್ದೇನೆ. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸವೆದ ದವಡೆಗಳಿಗೆ ಹೊಸ ಪಟ್ಟಿ ಕೂರಿಸಿ, ಗ್ರೀಸ್ ಹಚ್ಚಿ, ಒಂದೇ ಬೆರಳಿನಲ್ಲಿ ಹ್ಯಾಂಡಲ್ ತಿರುಗುವಂತಾದ ದಿನ ನನಗೆ ಹಬ್ಬ. ಪಕ್ಕದ ಮನೆಯ ಪುಟ್ಟತಾಯಮ್ಮ ಬೇಲಿಯಾಚೆಯಿಂದ, "ಏನವ್ವಾ ಶಶಿ, ಹೆಂಗಸ್ರು ಒಡವೆ ತರ್ತಾರೆ, ನೀನು ಕಬ್ಬಿಣ ಹೊತ್ಕೊಂಡ್ ಬರ್ತೀಯಲ್ಲ" ಎಂದು ನಗುತ್ತಾಳೆ. ನಗಲಿ. ಇವರು ಮಾತ್ರ ಏನೂ ಅನ್ನುವುದಿಲ್ಲ. ಸ್ಕೂಲಿನಿಂದ ಬಂದು ತಾವೇ ಕಾಫಿ ಮಾಡಿಕೊಂಡು ನನಗೂ ಒಂದು ಲೋಟ ಶೆಡ್ಡಿಗೆ ತಂದುಕೊಡುತ್ತಾರೆ.

ಹೋದ ವಾರ ಶಿರಾ ಗೇಟಿನ ಗುಜರಿ ಅಂಗಡಿಯ ಕದರಯ್ಯ ಹೇಳಿ ಕಳಿಸಿದ. ಹೋದೆ. "ಅಕ್ಕಾ, ಸತ್ಯಮಂಗಲದಾಗೆ ಒಂದು ವೆಲ್ಡಿಂಗ್ ಶಾಪ್ ಮುಚ್ಚೋಯ್ತು. ಅಲ್ಲಿಂದ ಒಂದು ಬಂದೈತೆ, ನೋಡು" ಎಂದ. ಆರಿಂಚಿನದು, ಮೇಲೆಲ್ಲ ವೆಲ್ಡಿಂಗಿನ ಲೋಹದ ಹನಿಗಳು ಸಿಡಿದು ಅಂಟಿ ಗುರುತೇ ಸಿಗುವಂತಿರಲಿಲ್ಲ. ಹ್ಯಾಂಡಲ್ ನೋಡಿದೆ. ಪಂಪಿನ ಶಾಫ್ಟ್ ತುಂಡು, ಎರಡು ತುದಿಗೂ ನಟ್ಟು. ಅಪ್ಪ ಹಾಕಿಕೊಂಡಿದ್ದ ಹಾಗೆಯೇ. "ಕದರಯ್ಯ, ಇದನ್ನ ಮಗುಚು" ಎಂದೆ. ಅಡಿಯಲ್ಲಿ ಮಣ್ಣು ಕೆರೆದರೆ ಪಂಚಿನಿಂದ ಹೊಡೆದ ಚುಕ್ಕಿಗಳು. ಮೊದಲು 'ಚಿ.ಬೀ.', ಅಪ್ಪನ ಹೆಸರು, ಚಿಕ್ಕಬೀರಯ್ಯ. ಅದರ ಪಕ್ಕದಲ್ಲಿ ಸೊಟ್ಟಗೆ ಒಂದು 'ಶ'.

ಆ 'ಶ' ಯಾವಾಗ ಬಿತ್ತು ಎಂದು ನಿನಗೆ ನೆನಪಿಸಬೇಕೆ? ನನ್ನ ಮದುವೆಗೆ ಒಂದು ವಾರವಿತ್ತು. ಅಪ್ಪ ಜಗುಲಿಯ ಮೇಲೆ ಕೂತು, ಅಂಗಡಿಯ ವೈಸ್ ಶಶಿಗೆ ಎಂದರು. ಅವ್ವ ಒಳಗಿನಿಂದ ಓಡಿ ಬಂದಳು. "ಹೆಣ್ಮಗೂಗೆ ತವರಿಂದ ಕಬ್ಬಿಣ ಕೊಡ್ತಾರಾ? ಪುಕ್ಸಟ್ಟೆ ಕಬ್ಬಿಣ ಕೊಟ್ರೆ ಸಂಬಂಧ ಕಡ್ದೋಗ್ತದೆ!" ಅಪ್ಪ ನಕ್ಕರು. "ಕೊಡ್ತಾ ಇಲ್ಲ ಕಣೇ, ಮಾರ್ತಾ ಇದೀನಿ. ಶಶಿ, ನಾಕಾಣೆ ತಗೊಂಬಾ." ತಂದುಕೊಟ್ಟೆ. ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದರು. "ನನ್ನ ಕೈ ಆಡೋವರ್ಗೂ ಅಂಗಡೀಲೇ ಇರ್ಲಿ. ಕೈ ನಿಂತ್ಮೇಲೆ ಬಂದು ಎತ್ಕೊಂಡೋಗವ್ವ" ಎಂದರು. ನೀನು ಅಲ್ಲೇ ಕಂಬಕ್ಕೆ ಒರಗಿಕೊಂಡು, "ಒಳ್ಳೆ ಯಾಪಾರ ಕಣಪ್ಪ" ಎಂದು ತಮಾಷೆ ಮಾಡಿದ್ದೆ. ಆವತ್ತೇ ಅಪ್ಪ ಅಂಗಡಿಗೆ ಹೋಗಿ ಅದರ ಅಡಿಯಲ್ಲಿ 'ಶ' ಹೊಡೆದರು. ಮರೆತೆನೆಂದು ಮಾತ್ರ ಹೇಳಬೇಡ.

ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ. ಅವ್ವ ಹ್ಯಾಂಡಲ್ ಮುಟ್ಟಿ ನೋಡಿ ಅಳತೊಡಗಿದಳು. "ಕಳ್ರು ಎತ್ಕೊಂಡೋಗಿದ್ದು ಸಿಕ್ತಲ್ಲವ್ವಾ, ಯಾಕೆ ಅಳ್ತೀಯ?" ಎಂದು ಕೇಳಿದೆ. "ಯಾವ ಕಳ್ರೂ ಇಲ್ಲ ಕಣವ್ವ. ನಿಮ್ಮಣ್ಣನೇ ಗುಜ್ರಿ ಗಾಡೀಗ್ ಹಾಕಿ ಕೊಟ್ಬುಟ್ಟ. ನಿಮ್ಮಿಬ್ರಿಗೂ ಜಗಳ ಬೀಳ್ತದೆ ಅಂತ ಇಷ್ಟ್ ದಿನ ಬಾಯ್ಬುಡ್ಲಿಲ್ಲ" ಎಂದಳು.

ಅದೂ ಯಾವಾಗ? ಅಪ್ಪನಿಗೆ ಲಕ್ವ ಹೊಡೆದು, ಬಲಗೈ ಬಿದ್ದುಹೋಗಿ, ಗುಬ್ಬಿಯ ಮನೆಯ ನಡುಕೋಣೆಯಲ್ಲಿ ಮಲಗಿದ್ದಾಗ. ಇನ್ನೂ ಉಸಿರಾಡುತ್ತಿದ್ದಾಗ! ಅಂಗಡಿಯ ಮಾಲೀಕರು ಖಾಲಿ ಮಾಡಿ ಎಂದರಂತೆ, ನೀನು ಒಂದೇ ಮಧ್ಯಾಹ್ನ ಎಲ್ಲವನ್ನೂ ತೂಕಕ್ಕೆ ಹಾಕಿದೆಯಂತೆ. ಶಶಿಯದು ಒಂದಿದೆಯಲ್ಲ ಎಂದು ಅವ್ವ ಕೇಳಿದರೆ, "ನೀನೇ ಹೇಳಿದ್ದಲ್ವಾ, ತಂಗೀಗೆ ಕಬ್ಬಿಣ ಕೊಟ್ರೆ ಸಂಬಂಧ ಕಡ್ದೋಗ್ತದೆ ಅಂತ" ಎಂದೆಯಂತೆ. ಎಂಥ ನಾಲಗೆ ನಿನ್ನದು! ನಾಲ್ಕಾಣೆಗೆ ಕೊಂಡ ವಸ್ತು ಅದು, ನನ್ನದು. ನನ್ನದನ್ನು ನನ್ನನ್ನು ಕೇಳದೆ ಮಾರಿ, ಕಳ್ಳರ ಕತೆ ಕಟ್ಟಿ, ನಾನು ಎರಡು ವರ್ಷ ಊರೆಲ್ಲ ಗುಜರಿ ಕೆದಕುವುದನ್ನು ನೋಡುತ್ತಾ ಸುಮ್ಮನಿದ್ದೆ. ಎರಡು ಗೌರಿ ಹಬ್ಬಕ್ಕೂ ಬಾಗಿನ ತಂದೆ, ನನ್ನ ಕೈಯಡುಗೆ ಉಂಡೆ, ಶೆಡ್ಡಿಗೆ ಇಣುಕಿ, "ಇನ್ನೂ ಹುಡುಕ್ತಾನೇ ಇದೀಯೇನೇ?" ಎಂದೂ ಕೇಳಿದೆ. ಗಂಟಲಲ್ಲಿ ಕಡುಬು ಹೇಗೆ ಇಳಿಯಿತು ಅಣ್ಣಾ?

ಆಗ ನನ್ನ ಮಗಳಿಗೆ ಸೀತಾಳೆ ಸಿಡುಬು ಎದ್ದಿತ್ತು, ನಾನು ಹೊಸಿಲು ದಾಟುವಂತಿರಲಿಲ್ಲ ಎಂದು ನಿನಗೆ ಗೊತ್ತು. ದಿನಾ ಫೋನಿನಲ್ಲಿ "ಅಪ್ಪ ಹುಷಾರಾಗ್ತವ್ರೆ, ನೀನು ಬರ್ಬೇಡ" ಎನ್ನುತ್ತಿದ್ದವನೂ ನೀನೇ. ಹನ್ನೆರಡನೆಯ ದಿನ ಅಪ್ಪ ಹೋದರು. ಒಂದು ಸಲ, ಒಂದೇ ಒಂದು ಸಲ ಆ ಫೋನಿನಲ್ಲಿ ವೈಸಿನ ಮಾತೆತ್ತಿದ್ದರೆ ಇವರನ್ನಾದರೂ ಕಳಿಸುತ್ತಿದ್ದೆ.

ಇಷ್ಟು ಬರೆದ ಮೇಲೆ ಸ್ವಲ್ಪ ಹಗುರವಾಗಿದೆ. ಏನೇ ಆದರೂ ತವರು ಎಂದು ನನಗಿರುವುದು ನಿನ್ನ ಮನೆಯೊಂದೇ. ಕೇಳಿದ ವೈಸ್ ಬುಧವಾರ ಇವರ ಕೈಯಲ್ಲಿ ಕಳಿಸುತ್ತಿದ್ದೇನೆ, ಆ ನಾಲ್ಕಿಂಚಿನದು. ದವಡೆ ಹೊಸದು, ಸ್ಕ್ರೂ ನುಣ್ಣಗೆ ಓಡುತ್ತದೆ, ಮಳೆಗೆ ಬಿಡಬೇಡ. ಬದಲಿಗೆ ಇವರ ಕೈಗೆ ಒಂದು ನಾಲ್ಕಾಣೆ ಕೊಡು, ಅಪ್ಪ ಇಸಿದುಕೊಂಡ ಹಾಗೆ ನಾನೂ ಇಸಿದುಕೊಳ್ಳುತ್ತೇನೆ. ನಮ್ಮ ನಡುವೆ ಏನೂ ಕಡಿದುಹೋಗುವುದು ಬೇಡ. ಅಪ್ಪನದನ್ನು ಸೀಮೆಎಣ್ಣೆಯಿಂದ ತೆಗೆದಿದ್ದೇನೆ, ಆಯುಧಪೂಜೆಗೆ ಅರಿಶಿನ ಕುಂಕುಮ ಇಡುತ್ತೇನೆ. ಬೇಕಾದರೆ ಬಂದು ಕೈಮುಗಿದು ಹೋಗು.

ಅತ್ತಿಗೆ ಮಂಗಳಗೌರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಸೋದರತ್ತೆಯ ಆಶೀರ್ವಾದ. ಅವರು ನೂರು ಕಾಲ ಚೆನ್ನಾಗಿರಲಿ, ಒಬ್ಬರಿಗೊಬ್ಬರು ಸುಳ್ಳು ಹೇಳದೆ ಬೆಳೆಯಲಿ.

ಇಂತಿ,
ನಿನ್ನ ತಂಗಿ
ಶಶಿರೇಖಾ

ವಿ.ಸೂ.: ಕವರಿಗೆ ಅಂಟು ಹಚ್ಚುತ್ತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತು, ಇನ್ನೊಂದು ಮಾತಿದೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ ಎಂದಳು. ಕೈ ಬಿದ್ದ ಮೇಲೆ ಅಪ್ಪ ದಿನಾ ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ನೀನು ಅಂಗಡಿ ಖಾಲಿ ಮಾಡಿದ ಮಾರನೆಯ ದಿನ ತೊದಲುತ್ತಾ ಕೇಳಿದರಂತೆ, "ಶಶಿ ವೈಸ್ ಎತ್ಕೊಂಡೋದ್ಲಾ?" ನೀನು, "ಹೂಂ ಕಣಪ್ಪ, ನಿನ್ನೆ ಬಂದು ಎತ್ಕೊಂಡೋದ್ಲು" ಎಂದೆಯಂತೆ. "ಮನೆ ತಾವ ಬರ್ಲಿಲ್ವಾ?" "ಇಲ್ಲ ಕಣಪ್ಪ, ಬಸ್ಸಿಗೆ ಹೊತ್ತಾಗಿತ್ತು." ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡರಂತೆ. ಆಮೇಲೆ ನನ್ನ ಹೆಸರು ಎತ್ತಲಿಲ್ಲವಂತೆ.

ಮಗಳು ಗುಬ್ಬಿಯವರೆಗೆ ಬಂದು, ಕಬ್ಬಿಣ ತಗೊಂಡು, ನನ್ನ ಮುಖ ನೋಡದೆ ಹೋದಳು ಎಂದುಕೊಂಡೇ ಹೋದರಲ್ಲೋ ನನ್ನಪ್ಪ. ಅದು ಸುಳ್ಳೆಂದು ಈಗ ಯಾರಿಗೆ ಹೇಳಲಿ?

ವೈಸ್ ಬುಧವಾರ ಬರುತ್ತದೆ. ಮೇಲೆ ನಾಲ್ಕಾಣೆ ಕೊಡು ಎಂದು ಬರೆದಿದ್ದೇನಲ್ಲ, ಕೊಡಬೇಡ. ಪುಕ್ಕಟೆಯಾಗಿಯೇ ಇಟ್ಟುಕೊ.