ಕನ್ನಡಕದಂಗಡಿಯವನ ಭಾಷಣ

ಮಂಗಳವಾರ, ಹನ್ನೆರಡನೇ ತಾರೀಕು

ಭಾನುವಾರ ಬಿದ್ದ ಚಪ್ಪಾಳೆಯೆಲ್ಲ ಇವತ್ತು ಕಪಾಳಕ್ಕೆ ಬಿದ್ದಂತಾಯಿತು.

ಆವತ್ತು ಊರಿನ ಸಭೆಯಲ್ಲಿ ಎಷ್ಟು ಜೋರಾಗಿ ಮಾತಾಡಿದ್ದೆ! ವಿಕಾಸವಾದ ಬರೀ ಊಹೆ, ಇಷ್ಟು ಸೂಕ್ಷ್ಮವಾದ ಕಣ್ಣು ತಾನಾಗಿಯೇ ಆಗಲು ಸಾಧ್ಯವೇ ಇಲ್ಲ, ಅಳೆದು ತೂಗಿ ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಮೇಲಿರುವ ಒಬ್ಬ ಮಾಡಿದ್ದಾನೆ ಅಂತ. ಇಪ್ಪತ್ತೆರಡು ವರ್ಷದಿಂದ ಕನ್ನಡಕ ಮಾರುವವನು, ಮೂಗಿನ ಮೇಲೆ ಸೋಡಾಬುಡ್ಡಿ ಇಟ್ಟುಕೊಂಡು ಇದನ್ನು ಹೇಳಿದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಇವತ್ತು ಸಂಜೆ ಎದುರು ಬೀದಿಯ ಟೈಲರಮ್ಮ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಮಗುವಿಗೆ ಆರು ವರ್ಷ, ಆಗಲೇ ಕನ್ನಡಕದ ನಂಬರು ಮೈನಸ್ ಒಂಬತ್ತು. ಹೊಸ ಕನ್ನಡಕದ ಕಡ್ಡಿ ಬಿಗಿ ಮಾಡುತ್ತಿದ್ದಾಗ ಆಕೆ ಮೆಲ್ಲಗೆ ಕೇಳಿದರು.

“ಅಣ್ಣಾ, ಭಾನುವಾರ ನಾನೂ ಬಂದಿದ್ದೆ. ಅಷ್ಟೊಂದು ಯೋಚ್ನೆ ಮಾಡಿ ಮಾಡೋನು ಇವಳ ಕಣ್ಣನ್ನ ಯಾಕೆ ಹೀಗೆ ಮಾಡ್ದ? ನಾನೇನಾದ್ರೂ ತಪ್ಪು ಮಾಡಿದ್ನಾ?”

ಇಂಥ ತಾಯಂದಿರು ವಾರಕ್ಕೊಬ್ಬರಾದರೂ ಬರುತ್ತಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಕೆಲವರ ಕಣ್ಣು ಹಾಗೇ ಬೆಳೆಯುತ್ತಮ್ಮ, ಯಾರ ತಪ್ಪೂ ಅಲ್ಲ. ಇವತ್ತು ಅದನ್ನು ಹೇಳಲಿಲ್ಲ. ಹೇಳಿದ್ದರೆ ಭಾನುವಾರದ ಭಾಷಣ ಸುಳ್ಳಾಗುತ್ತಿತ್ತು. ಅಷ್ಟೇ ಕಾರಣ, ಬೇರೇನೂ ಇಲ್ಲ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದೆ.

“ಹೋಗ್ಲಿ ಬಿಡಿ ಅಣ್ಣಾ. ನಿಮಗೆ ಗೊತ್ತಿರುತ್ತೆ ಅಂತ ಕೇಳ್ದೆ, ಅಷ್ಟೆ.”

ಮಗು ಕನ್ನಡಕ ಹಾಕಿಕೊಂಡು ನನ್ನ ಮುಖವನ್ನೇ ದಿಟ್ಟಿಸಿತು. ‘ಚೆನ್ನಾಗಿ ಕಾಣುತ್ತಾ ಪುಟ್ಟಾ?’ ಎಂದು ಕೇಳುವುದು ನಮ್ಮ ಅಂಗಡಿಯ ರೂಢಿ.

ಕೇಳಲು ಧೈರ್ಯವಾಗಲಿಲ್ಲ.